ಬಿಲ್ ಕಟ್ಟಲಾಗದವರ ಬಾಕಿ: 60 ಹಾಸಿಗೆಯ ಟ್ರಸ್ಟ್ ಆಸ್ಪತ್ರೆ ಹೇಗೆ ತಡೆದುಕೊಳ್ಳಬೇಕು?

ಕಲ್ಯಾಣಪುರ_ಖಜಾಂಚಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯಲ್ಲಿ ಟ್ರಸ್ಟ್ ನಡೆಸುವ 60 ಹಾಸಿಗೆಯ ಆಸ್ಪತ್ರೆಗೆ ಲಿಖಿತ ರಿಯಾಯಿತಿ ನಿಯಮ ಬರೆಯುವ ಕೆಲಸ ಉಂಟು. ರಾಷ್ಟ್ರೀಯ ಹೆದ್ದಾರಿ 66 ಹತ್ತಿರ, ಹಾಗಾಗಿ ಅಪಘಾತದ ಕೇಸು ಜಾಸ್ತಿ. ಅದು ಬಿಟ್ಟರೆ ಬೋಟಿನವರು, ಕಟ್ಟಡ ಕೆಲಸದವರು, ಬೀಡಿ ಕಟ್ಟುವ ಮನೆಯವರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಸ್ಪತ್ರೆ ನೋಂದಣಿಯಾಗಿದೆ.

ಈಗಿನ ಪದ್ಧತಿ ಹೀಗೆ: ಡಿಸ್ಚಾರ್ಜ್ ದಿನ ಕೌಂಟರಿನಲ್ಲಿ ಚರ್ಚೆ, ಯಾರದ್ದಾದರೂ ಶಿಫಾರಸಿನ ಫೋನು, ಕೊನೆಗೆ ಒಟ್ಟು ಬಿಲ್ಲಿನಲ್ಲಿ ಶೇ. 30 ಬಿಡುವುದು. ಉಳಿದದ್ದೆಲ್ಲ 'ಬರಬೇಕಾದ ಬಾಕಿ' ಎಂಬ ಒಂದೇ ಖಾತೆಗೆ. ಕಟ್ಟಲಾಗದವರದ್ದು, ಕಟ್ಟದೆ ಜಾರಿಕೊಂಡವರದ್ದು, ಸರಕಾರದಿಂದ ಬರಬೇಕಾದ್ದು, ತಿರಸ್ಕೃತ ಕ್ಲೇಮು ಎಲ್ಲ ಅದರಲ್ಲೇ. ಮಾರ್ಚ್‌ನಲ್ಲಿ ಆಡಿಟರ್ ಕೇಳಿದಾಗ ಯಾವುದು ಯಾವುದೆಂದು ಬಿಡಿಸಲು ಆಗುವುದಿಲ್ಲ.

ಕೇಳುವುದು ಇಷ್ಟು. ರಿಯಾಯಿತಿಯನ್ನು ಬಿಲ್ಲಿನ ಯಾವ ಭಾಗದಿಂದ ಕೊಡಬೇಕು? ಅಡ್ವಾನ್ಸ್ ಕೇಳುವುದಕ್ಕೆ ಕಾನೂನಿನ ಮಿತಿ ಏನು? ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳು ಇದನ್ನು ಹೇಗೆ ನಿಭಾಯಿಸುತ್ತವೆ? ಗಲ್ಫ್‌ನಲ್ಲಿರುವ ದಾನಿಗಳಿಂದ ಹಣ ತೆಗೆದುಕೊಳ್ಳುವಾಗ ಎಂತ ನೋಡಬೇಕು?

ಕಂಕನಾಡಿ_ಕೌಂಟರ್

ರಿಯಾಯಿತಿಯ ಪ್ರಶ್ನೆ ಆಮೇಲೆ. ಡಿಸ್ಚಾರ್ಜ್ ದಿನ ಮಾಡುವ ಚರ್ಚೆಯನ್ನು ಭರ್ತಿಯಾದ ದಿನಕ್ಕೆ ತನ್ನಿ, ಅರ್ಧ ಬಾಕಿ ಅಲ್ಲೇ ಕರಗ್ತದೆ. 'ಕಟ್ಟಲಾಗದ ರೋಗಿ' ಎಂದು ಬರೆದಿಟ್ಟ ಎಷ್ಟೋ ಕೇಸು ನಿಜವಾಗಿ ಮೊದಲ 24 ಗಂಟೆಯಲ್ಲಿ ಕಾಗದ ಸರಿಮಾಡದೆ ಬಿಟ್ಟ ಕೇಸು.

ಭರ್ತಿಯ ದಿನವೇ ಒಬ್ಬರು ಕೂತು ಕೇಳಬೇಕು. ರೇಷನ್ ಕಾರ್ಡ್ ಯಾವುದು? ಬಿಪಿಎಲ್ ಆದರೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತ) ಶೇ. 30 ಮಾತ್ರ ಸರಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ, ಉಳಿದ ಶೇ. 70 ಮನೆಯವರದ್ದು. ಇದನ್ನು ಮೊದಲ ದಿನವೇ ಹೇಳದಿದ್ದರೆ 'ಆಯುಷ್ಮಾನ್ ಉಂಟಲ್ಲ, ಎಲ್ಲ ಫ್ರೀ ಅಲ್ವಾ?' ಎಂದು ಕೊನೆಯ ದಿನ ಜಗಳ ಆಗ್ತದೆ.

ಮುಂದಿನ ಪ್ರಶ್ನೆ, ಕೆಲಸ ಎಲ್ಲಿ? ಗೋಡಂಬಿ ಕಾರ್ಖಾನೆ, ಮೀನು ಸಂಸ್ಕರಣೆ, ಅಂಗಡಿ ಎಲ್ಲೇ ಆಗಲಿ, ಸಂಬಳ 21,000ದೊಳಗೆ ಇದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರಬಹುದು. ಸಹಕಾರಿ ಸಂಘದ ಸದಸ್ಯರಾ? ಅವರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆ 2022-23ರಲ್ಲಿ ಮತ್ತೆ ಶುರುವಾಗಿದೆ. ಆದರೆ ಆ ವರ್ಷದ ನೋಂದಣಿ ಅವಧಿಯಲ್ಲಿ ಹಣ ಕಟ್ಟಿರಬೇಕು, ಹುಷಾರು ತಪ್ಪಿದ ಮೇಲೆ ಹೋಗಿ ಸೇರಲಿಕ್ಕೆ ಆಗುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿದ್ದಾರೆಯೇ, ಅದರ ಸಂಪೂರ್ಣ ಸುರಕ್ಷಾ ವಿಮೆ ಮಾಡಿಸಿದ್ದಾರೆಯೇ? ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಉಂಟಾ? ಹತ್ತು ನಿಮಿಷದ ಕೆಲಸ ಇದು. ಒಂದು ಹಾಳೆಯಲ್ಲಿ ಬರೆದು ಮನೆಯವರ ಸಹಿ ಹಾಕಿಸಿ ಕೇಸ್ ಶೀಟಿಗೆ ಸೇರಿಸಿ.

ಬೋಟಿನಲ್ಲಿ, ಸೈಟಿನಲ್ಲಿ ದುಡಿಯುವ ಹೊರರಾಜ್ಯದವರ ಬಗ್ಗೆ: ಜಾರ್ಖಂಡ್, ಬಿಹಾರ, ಛತ್ತೀಸಗಢದವರ ಆಯುಷ್ಮಾನ್ ಕಾರ್ಡ್ ಇಲ್ಲಿ ನಡೀತದೆ. ಒಡಿಶಾ 2025ರಲ್ಲಿ ಸೇರಿತು. ಕಾರ್ಡ್ ಊರಿನಲ್ಲಿ ಬಿಟ್ಟು ಬಂದರೂ ಆಧಾರ್ ಹಾಕಿ ಪೋರ್ಟಲಿನಲ್ಲಿ ಹುಡುಕಬಹುದು. ಆದರೆ ಕ್ಲೇಮ್ ಹಣ ನಿಧಾನ. ರಾಜ್ಯದೊಳಗಿನ ಕ್ಲೇಮಿಗೆ ಮಾರ್ಗಸೂಚಿಯಲ್ಲಿ 15 ದಿನ, ಹೊರರಾಜ್ಯದ್ದಕ್ಕೆ 30 ದಿನ ಎಂದು ಇದೆ. ನಗದು ಲೆಕ್ಕ ಹಾಕುವಾಗ ಆ ದಿನಗಳನ್ನು ನಂಬಿ ಕೂರಬೇಡಿ.

ಇನ್ನು ಕ್ಲೇಮ್ ಬೀಳುವುದು ಎಲ್ಲಿ? ಹೆಸರಿನಲ್ಲಿ. ನಮ್ಮ ಕಡೆ ಹಳೇ ರೇಷನ್ ಕಾರ್ಡಿನಲ್ಲಿ ಪೂಜಾರ್ತಿ, ಶೆಡ್ತಿ ಎಂದಿರ್ತದೆ, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರುಮನೆಯ ಕಾರ್ಡಿನಲ್ಲೇ ಇರ್ತದೆ. ಅದಾದ ಮೇಲೆ ರೆಫರಲ್. ತುರ್ತು ಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಬೇಕು, ಆಪರೇಷನ್ ಮುಗಿಸಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಓಡಿದರೆ ಪ್ರಯೋಜನ ಇಲ್ಲ. ಪ್ರೀ-ಆಥ್ (ಚಿಕಿತ್ಸೆಗೆ ಮೊದಲು ಯೋಜನೆಯವರಿಂದ ಪಡೆಯುವ ಅನುಮತಿ) ಮಂಜೂರಾಗುವ ಮೊದಲಿನ ಆಪರೇಷನ್ ದಿನಾಂಕ, ಪ್ಯಾಕೇಜ್ ಕೋಡ್ ತಪ್ಪು, ಇಂಪ್ಲಾಂಟಿನ (ಮೂಳೆಗೆ ಕೂರಿಸುವ ಪ್ಲೇಟಿನಂಥದ್ದು) ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸದೆ ಇರುವುದು, ಆಪರೇಷನ್ ನಂತರದ ಎಕ್ಸ್‌ರೇ ಅಪ್‌ಲೋಡ್ ಮಾಡದೆ ಇರುವುದು: ಬೀಳುವ ಕ್ಲೇಮುಗಳಲ್ಲಿ ಮತ್ತೆ ಮತ್ತೆ ಕಾಣುವುದು ಇವೇ. ಓಟಿ (ಆಪರೇಷನ್ ಥಿಯೇಟರ್) ನರ್ಸಿಗೆ ಸ್ಟಿಕ್ಕರಿನ ಬೆಲೆ ಹೇಳಿಕೊಡಿ. 14,000ದ ಪ್ಲೇಟಿನ ಹಣ ಬರುವುದು ಆ ಅಂಟುಕಾಗದದ ಮೇಲೆ.

ಒಂದು ಎಚ್ಚರಿಕೆ. ಯೋಜನೆಯ ರೋಗಿಗೆ 'ಈ ಇಂಜೆಕ್ಷನ್ ಮಾತ್ರ ಹೊರಗಿಂದ ತನ್ನಿ' ಎಂದು ಚೀಟಿ ಕೊಡಬೇಡಿ. ಭರ್ತಿಗೆ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಖರ್ಚೂ ಪ್ಯಾಕೇಜಿನೊಳಗೇ ಬರುವುದು. ಸಹಾಯವಾಣಿ 104ಕ್ಕೋ 14555ಕ್ಕೋ ಒಂದು ಫೋನ್ ಹೋದರೆ ಹಣ ವಾಪಸು ಕೊಟ್ಟು ದಂಡವನ್ನೂ ಎದುರಿಸಬೇಕು.

ಬಾಕಿಪುಸ್ತಕ

ಕೌಂಟರ್‌ನವರು ಹೇಳಿದ್ದು ಸರಿ, ಆದರೆ ಎಲ್ಲ ಯೋಜನೆ ನೋಡಿದ ಮೇಲೂ ಒಂದಷ್ಟು ಜನ ಉಳಿಯುತ್ತಾರೆ. ಅವರ ಲೆಕ್ಕ ಹೇಳುತ್ತೇನೆ.

ಮೊದಲು ಆ ಒಂದು ಖಾತೆಯನ್ನು ನಾಲ್ಕಾಗಿ ಒಡೆಯಿರಿ: ಬಡ ರೋಗಿ ರಿಯಾಯಿತಿ, ವಸೂಲಾಗದ ಬಾಕಿ, ಬರಬೇಕಾದ ಕ್ಲೇಮು, ತಿರಸ್ಕೃತ ಕ್ಲೇಮು. ಕಟ್ಟಲಾಗದು ಎಂದು ತಿಳಿದು ನಾವೇ ನಿರ್ಧರಿಸಿ ಬಿಟ್ಟದ್ದು ರಿಯಾಯಿತಿ. ಕಟ್ಟುತ್ತಾರೆ ಎಂದು ನಂಬಿ ಕೈಸುಟ್ಟುಕೊಂಡದ್ದು ವಸೂಲಾಗದ ಬಾಕಿ. ತಿರಸ್ಕೃತ ಕ್ಲೇಮನ್ನು ಧರ್ಮದ ಲೆಕ್ಕಕ್ಕೆ ಬರೆಯುವ ಅಭ್ಯಾಸ ಹಲವು ಕಡೆ ಉಂಟು. ಅದು ಧರ್ಮವಲ್ಲ, ಕಚೇರಿಯ ತಪ್ಪು. ಬೇರೆ ಬರೆದರೆ ಮಾತ್ರ ತಿಂಗಳಿಗೆ ಆ ತಪ್ಪಿಗೆ ಎಷ್ಟು ಹೋಗುತ್ತಿದೆ ಎಂದು ಕಾಣುತ್ತದೆ.

ಈಗ ಶೇ. 30ರ ವಿಷಯ. ಒಂದು ಉದಾಹರಣೆ ಲೆಕ್ಕ ಹಾಕೋಣ. ಮೂಳೆ ಮುರಿತದ ಬಿಲ್ 1,20,000. ಅದರಲ್ಲಿ ಹಾಸಿಗೆ 18,000, ನರ್ಸಿಂಗ್ 6,000, ಡಾಕ್ಟರ್ ಫೀಸು 26,000, ಓಟಿ 15,000, ಔಷಧ ಮತ್ತು ಸಾಮಗ್ರಿ 32,000, ಲ್ಯಾಬ್ 9,000, ಇಂಪ್ಲಾಂಟ್ 14,000. ಈ ರೋಗಿ ಬಂದ ಕಾರಣಕ್ಕಾಗಿಯೇ ಆಸ್ಪತ್ರೆಯ ಕೈಯಿಂದ ಹೋಗುವುದು ಎಷ್ಟು? ಔಷಧದ ಖರೀದಿ ಬೆಲೆ 24,000, ಇಂಪ್ಲಾಂಟಿಗೆ 11,000, ಲ್ಯಾಬಿನ ರಾಸಾಯನಿಕಕ್ಕೆ 3,000 ಎಂದು ಹಿಡಿಯಿರಿ, ಒಟ್ಟು 38,000. ಹೊರಗಿಂದ ಬರುವ ಸರ್ಜನ್, ಅರಿವಳಿಕೆ ವೈದ್ಯರಿಗೆ ಫೀಸು ಕೊಡಲೇಬೇಕಾದರೆ ಇನ್ನೊಂದು 26,000 ಸೇರಿ 64,000. ಉಳಿದ 56,000 ಸಂಬಳ, ಕರೆಂಟು, ಜನರೇಟರ್, ಕಟ್ಟಡದ್ದು. ಆ ಹಾಸಿಗೆ ಖಾಲಿ ಬಿದ್ದಿದ್ದರೂ ಆ ಖರ್ಚು ಇರುತ್ತಿತ್ತು.

ಹಾಗಾದರೆ ಶೇ. 30 ಬಿಟ್ಟಾಗ ಬರುವ 84,000ದಲ್ಲಿ ಕೈಖರ್ಚಿನ 64,000 ವಾಪಸು ಬರುತ್ತದೆ. ಶೇ. 50 ಬಿಟ್ಟರೆ ಬರುವುದು 60,000. ಈಗ ಔಷಧದ ಡಿಸ್ಟ್ರಿಬ್ಯೂಟರಿಗೋ ಸರ್ಜನ್‌ಗೋ ಕೊಡಲು ಜೇಬಿನಿಂದ 4,000 ಹಾಕಬೇಕು. ಆದರೆ ಸರ್ಜನ್, ಅರಿವಳಿಕೆ ವೈದ್ಯರು ಇಬ್ಬರೂ ತಮ್ಮ ಫೀಸು ಬಿಟ್ಟರೆ, ಜೇಬಿನಿಂದ ಹಾಕಬೇಕಾಗುವ ಗೆರೆ 38,000ಕ್ಕೆ ಇಳಿಯುತ್ತದೆ. ಆದ್ದರಿಂದ ನಿಯಮದಲ್ಲಿ ಒಟ್ಟು ಬಿಲ್ಲಿನ ಶೇಕಡಾ ಎಂದು ಬರೆಯಲೇಬೇಡಿ. ಮೊದಲು ಹಾಸಿಗೆ, ನರ್ಸಿಂಗ್, ಓಟಿ. ಆಮೇಲೆ ಡಾಕ್ಟರ್ ಫೀಸು, ಅದೂ ಅವರ ಸಹಿ ಇದ್ದರೆ ಮಾತ್ರ. ಔಷಧ ಮತ್ತು ಇಂಪ್ಲಾಂಟು ಕೊನೆಗೆ, ಖರೀದಿ ಬೆಲೆಯವರೆಗೆ ಮಾತ್ರ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ದಾನ ನಿಧಿಯಿಂದ ಹಣ ತೆಗೆದು ಬಿಲ್ಲಿಗೆ ಜಮಾ ಮಾಡಿ. ಫಾರ್ಮಸಿಯ ಲಾಭದಿಂದ ಸುಮ್ಮನೆ ಕಳೆಯಬೇಡಿ. ಆರೋಗ್ಯ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಒಳರೋಗಿಗೆ ಬಳಸಿದ ಸಾಮಗ್ರಿಯ ಮೇಲೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ, ಹಾಗಾಗಿ ಖರೀದಿ ಬೆಲೆ ಎಂದರೆ ತೆರಿಗೆ ಸೇರಿಸಿದ ಬೆಲೆ.

ಈ ಲೆಕ್ಕಕ್ಕೆ ಒಂದು ಷರತ್ತು ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಹಾಸಿಗೆ ಖಾಲಿ ಇದ್ದರೆ ಮಾತ್ರ ಇದು ನಿಲ್ಲುತ್ತದೆ. ಜುಲೈ, ಆಗಸ್ಟ್‌ನಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರದಿಂದ ವಾರ್ಡು ತುಂಬಿರುವಾಗ ಹಾಸಿಗೆ ಶುಲ್ಕವೂ ನಿಜವಾದ ನಷ್ಟವೇ. ಮುಂದೂಡಬಹುದಾದ ಹರ್ನಿಯಾ, ಗರ್ಭಕೋಶದ ಆಪರೇಷನ್‌ಗಳಿಗೆ ರಿಯಾಯಿತಿ ಕೊಡುವುದಾದರೆ ಮಳೆಗಾಲ ಕಳೆದ ಮೇಲಿನ ದಿನಾಂಕ ಕೊಡಿ.

ವರ್ಷಕ್ಕೆ ಎಷ್ಟು ಎಂಬುದನ್ನು ಏಪ್ರಿಲ್‌ನಲ್ಲೇ ಟ್ರಸ್ಟ್ ಸಭೆಯಲ್ಲಿ ನಿರ್ಣಯ ಮಾಡಿ, ಹನ್ನೆರಡರಿಂದ ಭಾಗಿಸಿ. ಅಳತೆಗೋಲು ಬೇಕಾದರೆ ಮಹಾರಾಷ್ಟ್ರದ್ದು ನೋಡಬಹುದು. ಅಲ್ಲಿ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆ ನಿರ್ಗತಿಕರಿಗೆ ಉಚಿತ, ಇನ್ನು ಶೇ. 10 ದುರ್ಬಲ ವರ್ಗಕ್ಕೆ ರಿಯಾಯಿತಿ ದರದಲ್ಲಿ ಇಡಬೇಕು, ಒಟ್ಟು ಬಿಲ್ಲಿಂಗಿನ ಶೇ. 2ನ್ನು ಬಡ ರೋಗಿ ನಿಧಿಗೆ ಹಾಕಬೇಕು. ಆ ಕಾನೂನು ನಮಗೆ ಅನ್ವಯಿಸುವುದಿಲ್ಲ, ಆದರೆ ಆ ಶೇ. 2 ಶುರುಮಾಡಲಿಕ್ಕೆ ಒಳ್ಳೆಯ ಅಂಕಿ.

ಟ್ರಸ್ಟಿಗಳು ಆದಾಯ ತೆರಿಗೆಯ ಶೇ. 85ರ ನಿಯಮಕ್ಕೆ (ಆದಾಯದಲ್ಲಿ ಅಷ್ಟನ್ನು ಟ್ರಸ್ಟಿನ ಉದ್ದೇಶಕ್ಕೆ ವಿನಿಯೋಗಿಸಬೇಕು ಎಂಬುದು) ರಿಯಾಯಿತಿಯನ್ನು ವಿನಿಯೋಗ ಎಂದು ತೋರಿಸಬಹುದೇ ಎಂದು ಖಂಡಿತ ಕೇಳುತ್ತಾರೆ. ಬಿಟ್ಟ ಹಣ ಆದಾಯವಾಗಿ ಬರಲೇ ಇಲ್ಲ. ಆ ರೋಗಿಗೆ ಮಾಡಿದ ಖರ್ಚು ಆಗಲೇ ಖರ್ಚಿನ ಲೆಕ್ಕದಲ್ಲಿ ಬಂದಿದೆ. ಎರಡು ಸಲ ತೋರಿಸಿದರೆ ಎರಡು ಸಲ ಉತ್ತರ ಹೇಳಬೇಕು.

ಅತ್ತಾವರ_ಅಂಕಣ

ದೊಡ್ಡ ಆಸ್ಪತ್ರೆಗಳನ್ನು ನೋಡಿ ನಕಲು ಮಾಡಲಿಕ್ಕೆ ಹೋಗಬೇಡಿ, ಅವುಗಳ ಲೆಕ್ಕವೇ ಬೇರೆ. ನಮ್ಮ ಕರಾವಳಿಯ ದೊಡ್ಡ ಆಸ್ಪತ್ರೆಗಳಲ್ಲಿ ಹೆಚ್ಚಿನವು ಮೆಡಿಕಲ್ ಕಾಲೇಜಿಗೆ ಸೇರಿದವು. ವಿದ್ಯಾರ್ಥಿಗಳು ಕಲಿಯಬೇಕಾದರೆ ವಾರ್ಡಿನಲ್ಲಿ ರೋಗಿಗಳು ಇರಲೇಬೇಕು, ಹಾಸಿಗೆ ಎಷ್ಟು ತುಂಬಿದೆ ಎಂದು ವೈದ್ಯಕೀಯ ಆಯೋಗದವರು ನೋಡುತ್ತಾರೆ. ಹಾಗಾಗಿ ಜನರಲ್ ವಾರ್ಡಿನ ಹಾಸಿಗೆ ಶುಲ್ಕ, ಡಾಕ್ಟರ್ ಫೀಸು ಇಳಿಸಿದರೂ ಅವರಿಗೆ ಲಾಭವೇ. ವೈದ್ಯರಿಗೆ ಸಂಬಳ, ಕಾಲೇಜಿಗೆ ಫೀಸು. ಘಟ್ಟದ ಮೇಲೂ ಕಾಸರಗೋಡಿನ ಕಡೆಯೂ ಉಚಿತ ಶಿಬಿರ ಮಾಡಿ ಬಸ್ಸಿನಲ್ಲಿ ರೋಗಿಗಳನ್ನು ಕರೆತರುವುದಕ್ಕೆ ದಾನಬುದ್ಧಿಯ ಜತೆಗೆ ಈ ಕಾರಣವೂ ಉಂಟು. ಅಲ್ಲಿಯೂ ಔಷಧ, ಇಂಪ್ಲಾಂಟ್ ಪುಕ್ಕಟೆ ಅಲ್ಲ ಎಂಬುದನ್ನು ಗಮನಿಸಿ. ಬಾಕಿಪುಸ್ತಕದವರ ಗೆರೆ ಅಲ್ಲಿಯೂ ಅದೇ ಜಾಗದಲ್ಲಿ ಇದೆ.

ಮಂಗಳೂರಿನ ಸರಕಾರಿ ಆಸ್ಪತ್ರೆಗಳಲ್ಲಿ ವೆನ್ಲಾಕ್ 1848ರದ್ದು, ಲೇಡಿಗೋಷನ್ 1849ರದ್ದು. 1955ರಿಂದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು ಅಲ್ಲಿ ಪಾಠ ಮಾಡುತ್ತಾ ಚಿಕಿತ್ಸೆ ಕೊಡುತ್ತಾ ಬಂದಿದ್ದಾರೆ. ಕಟ್ಟಡ, ನರ್ಸು, ಔಷಧ ಸರಕಾರದ್ದು, ತಜ್ಞರಲ್ಲಿ ದೊಡ್ಡ ಪಾಲು ಕಾಲೇಜಿನದ್ದು. ಸಣ್ಣ ಆಸ್ಪತ್ರೆಗೆ ಇದರಿಂದ ಉಪಯೋಗ ಏನೆಂದರೆ, ಕಳಿಸುವುದಾದರೆ ಬೇಗ ಕಳಿಸಿ. ಮನೆಯವರ ಕೈಯಲ್ಲಿದ್ದ ಎರಡು ಲಕ್ಷ ಐಸಿಯುವಿನಲ್ಲಿ ಕರಗಿದ ಮೇಲೆ ಎಂಟನೆಯ ದಿನ 108 ಕರೆಸಿ ಕಳಿಸಿದರೆ ರೋಗಿಗೂ ಕಷ್ಟ, ನಿಮಗೆ ಬಾಕಿಯೂ ಗಟ್ಟಿ. ಎರಡನೆಯ ದಿನವೇ ಎಸ್ಟಿಮೇಟ್ ಕೊಟ್ಟು, ಆಗುವುದಿಲ್ಲ ಎಂದಾದರೆ ಫೋನ್ ಮಾಡಿ ವೆಂಟಿಲೇಟರ್ ಹಾಸಿಗೆ ಉಂಟಾ ಎಂದು ಖಚಿತ ಮಾಡಿಕೊಂಡೇ ಹೊರಡಿಸಬೇಕು. ಡಯಾಲಿಸಿಸ್ ಮತ್ತೂ ಬೇಗ. ವಾರಕ್ಕೆ ಎರಡು, ಮೂರು ಸಲ ಜೀವನಪೂರ್ತಿ ಬೇಕಾಗುವುದನ್ನು ರಿಯಾಯಿತಿಯಲ್ಲಿ ಯಾರಿಗೂ ನಡೆಸಲು ಆಗದು. ಬಿಪಿಎಲ್‌ನವರಿಗೆ ಜಿಲ್ಲಾಸ್ಪತ್ರೆಯಲ್ಲಿ ಉಚಿತ ಇದೆ, ಮೊದಲ ವಾರದಲ್ಲೇ ಅಲ್ಲಿ ಹೆಸರು ಬರೆಸಿ.

ಮಣಿಪಾಲದ ಆರೋಗ್ಯ ಕಾರ್ಡ್ ಅನ್ನು ಜನ ವಿಮೆ ಎಂದು ತಿಳಿದುಕೊಂಡು ಬರುತ್ತಾರೆ. ಅದು ರಿಯಾಯಿತಿ ಕಾರ್ಡ್ ಮಾತ್ರ. ಅವರ ಆಸ್ಪತ್ರೆಗಳಿಗೆ ರೋಗಿಗಳ ಹರಿವನ್ನು ಗಟ್ಟಿಮಾಡಿಕೊಳ್ಳುವ ಉಪಾಯ ಅದು. 60 ಹಾಸಿಗೆಗೆ ಅಂಥ ಕಾರ್ಡ್ ಮಾಡಿದರೆ ಹೇಗೂ ಬರುವವರಿಗೇ ರಿಯಾಯಿತಿ ಹಂಚಿದ ಹಾಗೆ ಆದೀತು.

ಕೊಡಿಯಾಲ್_ಕಾನೂನು

ಅಡ್ವಾನ್ಸ್ ಬಗ್ಗೆ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಹಣ ಕಟ್ಟಿದ ಮೇಲೆ ಚಿಕಿತ್ಸೆ ಎನ್ನುವ ಹಾಗಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲೇ, ಪೊಲೀಸ್ ಕೇಸಾಗಲಿ ಅಲ್ಲದಿರಲಿ, ಜೀವ ಉಳಿಸುವುದು ಸರಕಾರಿ, ಖಾಸಗಿ ಎಲ್ಲ ವೈದ್ಯರ ಹೊಣೆ ಎಂದಿದೆ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯಿದೆಯ 2017ರ ತಿದ್ದುಪಡಿಯಲ್ಲಿ ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು ಎಂದೂ ಇದೆ, ಬಾಕಿ ಉಂಟೆಂದು ಮೃತದೇಹ ಇಟ್ಟುಕೊಳ್ಳಬಾರದು ಎಂದೂ ಇದೆ. ಬಾಕಿಯನ್ನು ಆಮೇಲೆ ವಸೂಲು ಮಾಡಬಹುದು. ದೂರು ಹೋಗುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅದರ ಕಾರ್ಯದರ್ಶಿ. ಮುಂದೂಡಬಹುದಾದ ಆಪರೇಷನ್‌ಗೆ ಮುಂಗಡ ಕೇಳಬಹುದು, ತಪ್ಪಿಲ್ಲ.

ಗುಣವಾದ ರೋಗಿಯನ್ನು ಬಿಲ್ಲಿಗಾಗಿ ವಾರ್ಡಿನಲ್ಲಿ ಕೂರಿಸಿಕೊಂಡರೆ ಅದು ಅಕ್ರಮ ಬಂಧನ. ಲೆಕ್ಕದಲ್ಲೂ ದಡ್ಡತನ, ದಿನಕ್ಕೊಂದು ಹಾಸಿಗೆ, ಎರಡು ಊಟ ನಿಮ್ಮದೇ ಹೋಗುತ್ತದೆ. ಕರಿಮಣಿ, ಬಳೆ, ಮೊಬೈಲ್, ಮೂಲ ಆಧಾರ್, ಆರ್‌ಸಿ ಒತ್ತೆ ಇಟ್ಟುಕೊಳ್ಳುವುದು ಬೇಡವೇ ಬೇಡ. ಬದಲಿಗೆ ಕಂತಿನ ಒಪ್ಪಿಗೆ ಪತ್ರ ಬರೆಸಿಕೊಳ್ಳಿ: ಒಟ್ಟು ಬಾಕಿ, ಮೂರು ದಿನಾಂಕ, ಮೂರು ಮೊತ್ತ, ಇಬ್ಬರ ಫೋನ್ ನಂಬರ್. ದಾವೆ ಹೂಡುವ ಅವಧಿ 3 ವರ್ಷ, ಆದರೆ 20,000ಕ್ಕೆ ಕೋರ್ಟಿಗೆ ಹೋಗಿ ಯಾರೂ ಗೆದ್ದವರಿಲ್ಲ.

ಹೆದ್ದಾರಿ ಕೇಸಿಗೆ ಈಗ ದಾರಿ ಉಂಟು. 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದ ರಸ್ತೆ ಅಪಘಾತ ಗಾಯಾಳುಗಳ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಒಬ್ಬರಿಗೆ 1.5 ಲಕ್ಷದವರೆಗೆ, ಅಪಘಾತವಾದ ದಿನದಿಂದ 7 ದಿನಗಳ ಚಿಕಿತ್ಸೆಗೆ ಹಣ ಸಿಗುತ್ತದೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಮಾಹಿತಿ ಠಾಣೆಗೆ ತಡವಾದರೆ ಪೊಲೀಸರ ದೃಢೀಕರಣ ತಡ, ಹಣವೂ ತಡ. ಪಟ್ಟಿಯಲ್ಲಿರುವ ಆಸ್ಪತ್ರೆಗೆ ಮಾತ್ರ ಪೂರ್ತಿ ಚಿಕಿತ್ಸೆಯ ಹಣ, ಉಳಿದವರಿಗೆ ಸ್ಥಿರಗೊಳಿಸುವವರೆಗಿನದ್ದು ಮಾತ್ರ. ನಿಮ್ಮ ಆಸ್ಪತ್ರೆ ಆ ಪಟ್ಟಿಯಲ್ಲಿ ಉಂಟಾ ಎಂದು ಈ ವಾರವೇ ನೋಡಿ.

ಸೈಟಿನಿಂದ ಬಿದ್ದವರು, ಬೋಟಿನ ವಿಂಚಿಗೆ ಕೈ ಸಿಕ್ಕಿಸಿಕೊಂಡವರು ಬಂದರೆ ಮಾಲೀಕರನ್ನು ಕೇಳಿ. ನೌಕರರ ಪರಿಹಾರದ ಕಾನೂನಿನ ಪ್ರಕಾರ ಕೆಲಸದಲ್ಲಿ ಆದ ಗಾಯದ ನಿಜವಾದ ಚಿಕಿತ್ಸಾ ವೆಚ್ಚ ಮಾಲೀಕರೇ ಭರಿಸಬೇಕು. ಗುತ್ತಿಗೆದಾರರು ಮೊದಲ ದಿನ 'ನಾನು ನೋಡಿಕೊಳ್ತೇನೆ' ಎಂದು ಬಾಯಲ್ಲಿ ಹೇಳಿ ಮೂರನೆಯ ದಿನ ಫೋನ್ ಎತ್ತುವುದಿಲ್ಲ. ಆ ಮೊದಲ ದಿನವೇ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಬೇಕು.

ಬಜಪೆ_ಬೋರ್ಡಿಂಗ್

ದಾನದ ಬಗ್ಗೆ ನಾಲ್ಕು ಮಾತು. ದುಬೈಯಲ್ಲೋ ದೋಹಾದಲ್ಲೋ ಇರುವವರು ಭಾರತದ ಪಾಸ್‌ಪೋರ್ಟಿನವರಾಗಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅವರೇ ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡಿನವರಾಗಿದ್ದರೆ ಅದೇ ಹಣ ವಿದೇಶಿ ದೇಣಿಗೆ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯಿದೆ) ನೋಂದಣಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಣ್ಣ ಒಬ್ಬ ಗಲ್ಫಿನಲ್ಲಿ, ತಮ್ಮ ಕೆನಡಾದಲ್ಲಿ, ಇಬ್ಬರೂ ಸೇರಿ ಒಂದೇ ಚೆಕ್ ಕೊಡುವ ಸಂದರ್ಭದಲ್ಲಿ ಎಡವುವುದು ಇಲ್ಲೇ.

80ಜಿ ರಶೀದಿಗೆ 2,000ಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಮೂಲನಿಧಿಗೆ ಕೊಟ್ಟದ್ದಾದರೆ ಹಾಗೆಂದು ಪತ್ರದಲ್ಲಿ ಬರೆಸಿ, ಬಡ್ಡಿ ಮಾತ್ರ ಬಳಸಿ. ವಾಟ್ಸ್ಆ್ಯಪ್‌ನಲ್ಲಿ ಒಬ್ಬ ರೋಗಿಗಾಗಿ ಹಣ ಎತ್ತುವಾಗ ಖಾತೆ ಆಸ್ಪತ್ರೆಯದ್ದೇ ಇರಲಿ, ಐಪಿ (ಒಳರೋಗಿ) ನಂಬರ್ ನಮೂದಿಸಿ, ಬಿಲ್ಲಿಗಿಂತ ಹೆಚ್ಚು ಬಂದರೆ ಉಳಿದದ್ದು ಬಡ ರೋಗಿ ನಿಧಿಗೆ ಎಂದು ಅದೇ ಸಂದೇಶದಲ್ಲಿ ಮೊದಲೇ ಬರೆಯಿರಿ. ಆಮೇಲೆ ಬರೆದರೆ ಜಗಳ.

ಇನ್ನೊಂದು, ಬಂಗಾರ ಮಾರಿ ಮನೆಯವರು ನಗದು ತರುತ್ತಾರೆ. ಒಂದೇ ಚಿಕಿತ್ಸೆಗೆ ಒಟ್ಟು 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವ ಹಾಗಿಲ್ಲ. ನಾಲ್ಕು ದಿನ ಐವತ್ತೈವತ್ತು ಸಾವಿರ ಎಂದು ಭಾಗ ಮಾಡಿದರೂ ಒಂದೇ ಲೆಕ್ಕ. ತೆಗೆದುಕೊಂಡಷ್ಟೇ ಮೊತ್ತದ ದಂಡ ಆಸ್ಪತ್ರೆಗೆ.

ಕಲ್ಯಾಣಪುರ_ಖಜಾಂಚಿ

ತುಂಬ ಉಪಕಾರ. ಬಾಕಿಪುಸ್ತಕದವರಿಗೆ ಒಂದೇ ಪ್ರಶ್ನೆ: ರಿಯಾಯಿತಿಗೆ ಸಹಿ ಯಾರದ್ದು? ರಾತ್ರಿ ಡ್ಯೂಟಿ ಡಾಕ್ಟರಿಗೆ ಅಧಿಕಾರ ಕೊಡಬೇಕಾ?

ಬಾಕಿಪುಸ್ತಕ

ಕೊಡಬೇಡಿ. ರಾತ್ರಿಯವರು 'ತುರ್ತು, ಮುಂಗಡ ಬೇಡ' ಎಂದು ಬರೆದು ಸಹಿ ಹಾಕಿದರೆ ಸಾಕು, ಚಿಕಿತ್ಸೆ ಅದರ ಮೇಲೆ ನಡೆಯುತ್ತದೆ. ಮರುದಿನ ಹಗಲು ಕೌಂಟರ್‌ನವರು ಹೇಳಿದ ಹಾಳೆ ತುಂಬಿದ ಮೇಲೆ ಆಡಳಿತಾಧಿಕಾರಿ 10,000ದವರೆಗೆ, ಅದರ ಮೇಲೆ ವೈದ್ಯಕೀಯ ಅಧೀಕ್ಷಕರು ಮತ್ತು ಒಬ್ಬ ಟ್ರಸ್ಟಿ ಜಂಟಿಯಾಗಿ. ಅಂಕಿ ನಿಮ್ಮ ಸಾಮರ್ಥ್ಯಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಪೂರ್ತಿ ದರ ಹಾಕಿ, ರಿಯಾಯಿತಿಯನ್ನು ಕೆಳಗೆ ಪ್ರತ್ಯೇಕ ಸಾಲಿನಲ್ಲಿ ಕಳೆಯಿರಿ, ಮಂಜೂರಾತಿ ನಂಬರ್ ಸಮೇತ. ಹಾಸಿಗೆ ಶುಲ್ಕದ ಸಾಲನ್ನೇ ಅಳಿಸಿಬಿಟ್ಟರೆ ವರ್ಷದ ಕೊನೆಗೆ ಎಷ್ಟು ಬಿಟ್ಟಿದ್ದೀರಿ ಎಂಬುದು ನಿಮಗೇ ತಿಳಿಯುವುದಿಲ್ಲ. ಶಿಫಾರಸಿನ ಫೋನು ಬಂದರೆ ಯಾರು ಮಾಡಿದ್ದೆಂದು ಅರ್ಜಿಯಲ್ಲೇ ಒಂದು ಕಾಲಂ ಇಡಿ. ಹೆಸರು ದಾಖಲಾಗುತ್ತದೆ ಎಂದು ಗೊತ್ತಾದರೆ ಫೋನು ತಾನಾಗಿ ಕಡಿಮೆಯಾಗುತ್ತದೆ.